ಎಂಟು ಬಿಡಿಭಾಗ, ಮೂರು ಪಟ್ಟಿ: ನಾನೇ ಜೋಡಿಸಿದ ಮೊದಲ ಗೇಮಿಂಗ್ ಪಿಸಿ

ನನ್ನ ಮೊದಲ ಪಟ್ಟಿಯಲ್ಲಿ ಎಂಟು ಸಾಲು ಇದ್ದವು. ಎಲ್ಲಕ್ಕಿಂತ ಮೇಲೆ ಪ್ರೊಸೆಸರ್, ಅದರ ಕೆಳಗೆ ಗ್ರಾಫಿಕ್ಸ್ ಕಾರ್ಡ್, ಆಮೇಲೆ ಮಾನಿಟರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಕ್ಯಾಬಿನೆಟ್. ಕೊನೆಯ ಸಾಲಿನಲ್ಲಿ ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ತಕ್ಕಂತೆ ಬದಲಿಸಿ ಕೊಡುವ ಪವರ್ ಸಪ್ಲೈ) ಎಂದು ಬರೆದು ಅದರ ಮುಂದೆ 'ಯಾವುದಾದರೂ' ಎಂದು ಸೇರಿಸಿದ್ದೆ. ಆ ಹಾಳೆಯನ್ನು ಅಕ್ಕನಿಗೆ ತೋರಿಸಿದೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವುದು ಅವಳಿಗೆ ಹೊಸದಲ್ಲ, ಈವರೆಗೆ ತಾನು ಬಳಸಿದ ಮೂರು ಮಷೀನುಗಳನ್ನೂ ತಾನೇ ಕೂತು ಜೋಡಿಸಿದವಳು. ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದಿದಳು.

"ಈ 'ಯಾವುದಾದರೂ' ಅನ್ನೋದನ್ನ ಮೊದಲು ಹೊಡೆದುಹಾಕು. ಆಮೇಲೆ ಹೇಳು, ಯಾವ ಮಾನಿಟರ್ ಮೇಲೆ ಆಡ್ತೀಯ?"

"ಅಕ್ಕಾ, ನಾನು ಕೇಳಿದ್ದು ಪ್ರೊಸೆಸರ್ ಸರಿ ಇದೆಯಾ ಅಂತ."

"ಅದಕ್ಕೇ ಕೇಳ್ತಿರೋದು. ಎಷ್ಟು ಪಿಕ್ಸೆಲ್ ತುಂಬಬೇಕು ಅಂತ ಗೊತ್ತಾಗದೆ ಕಾರ್ಡ್ ಆರಿಸೋಕೆ ಆಗಲ್ಲ. ಕಾರ್ಡ್ ಗೊತ್ತಾಗದೆ ಪ್ರೊಸೆಸರ್ ಆರಿಸೋಕೆ ಆಗಲ್ಲ."

ಆ ಸಂಜೆಯಿಂದ ಕೊನೆಯ ಸ್ಕ್ರೂ ಬಿಗಿಯುವವರೆಗೆ ನಾನು ಕಲಿತದ್ದೆಲ್ಲ ಈ ಎರಡು ಮಾತಿನ ಬೆನ್ನು ಹಿಡಿದೇ ಬಂತು. ಕೈಯಲ್ಲಿದ್ದ ಹಣ ಸೀಮಿತ. ಅದನ್ನು ನೂರು ಪಾಲು ಎಂದು ಇಟ್ಟುಕೊಂಡು ಯಾವ ಭಾಗಕ್ಕೆ ಎಷ್ಟು ಪಾಲು ಎಂದು ಬರೆಯುತ್ತಾ ಹೋದೆ. ಮೊದಲ ಪಟ್ಟಿಯಲ್ಲಿ ಪ್ರೊಸೆಸರಿಗೆ 28, ಕಾರ್ಡಿಗೆ 24, ಮಾನಿಟರಿಗೆ 22. ಉಳಿದ ಐದು ಭಾಗಗಳಿಗೆ ಸೇರಿ 26. ಹೀಗೆ ಬರೆದು ನೋಡಿದಾಗಲೇ ಏನೋ ವಾಲಿದೆ ಎಂದು ಕಣ್ಣಿಗೆ ಕಂಡಿತು.

ನಾನು ಬರೆದಿದ್ದ ಮಾನಿಟರ್ 1440ಪಿ. ಅಂದರೆ ಅಡ್ಡಕ್ಕೆ 2560, ಉದ್ದಕ್ಕೆ 1440, ಗುಣಿಸಿದರೆ 36,86,400 ಪಿಕ್ಸೆಲ್. 1080ಪಿ ಮಾನಿಟರಿನಲ್ಲಿ ಇರುವುದು 20,73,600. ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಮೇಲೆ ಬರುವ ಒಂದೊಂದು ಚಿತ್ರಕ್ಕೂ, ಕಾರ್ಡ್ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ಪಿಕ್ಸೆಲ್ ಬಿಡಿಸಬೇಕು. ಪಟ್ಟಿಯಲ್ಲಿ ಮಾನಿಟರ್ ಒಂದೇ ಸಾಲು, ಆದರೆ ಅದರ ಬೆಲೆ ಕಾರ್ಡಿನ ಸಾಲಿನಲ್ಲೂ ಅಡಗಿ ಕೂತಿರುತ್ತದೆ. 1440ಪಿ ಪರದೆ ತಂದು ಅದಕ್ಕೆ ಸಾಲದ ಕಾರ್ಡ್ ಹಾಕಿದರೆ, ಆಟದ ಸೆಟ್ಟಿಂಗ್ ಇಳಿಸಿ ಇಳಿಸಿ ಆಡಬೇಕು. 1080ಪಿ, 144 ಹರ್ಟ್ಜ್ ಎಂದು ತಿದ್ದಿದೆ. 60 ಹರ್ಟ್ಜ್ ಪರದೆ ಒಂದು ಚಿತ್ರವನ್ನು 16.7 ಮಿಲಿಸೆಕೆಂಡ್ ಹಿಡಿದಿಟ್ಟುಕೊಳ್ಳುತ್ತದೆ, 144 ಹರ್ಟ್ಜ್ ಪರದೆ 6.9. ನಾನು ಹೆಚ್ಚಾಗಿ ಆಡುವುದು ಕಾರ್ ರೇಸಿಂಗ್. ತಿರುವಿನಲ್ಲಿ ಬ್ರೇಕ್ ಹಿಡಿಯುವ ಆಟಕ್ಕೆ ಪಿಕ್ಸೆಲ್ ಸಂಖ್ಯೆಗಿಂತ ಈ ವೇಗವೇ ಮುಖ್ಯ ಅನ್ನಿಸಿತು. ನಿಧಾನವಾಗಿ ಸುತ್ತಾಡುವ ಕಥೆಯ ಆಟಗಳನ್ನೇ ಆಡುವವರಾದರೆ ಬೇರೆ ತೀರ್ಮಾನಕ್ಕೆ ಬರಬಹುದು, ಅದೂ ಸರಿಯೇ.

ಮಾನಿಟರ್ ಒಂದು ಮೆಟ್ಟಿಲು ಇಳಿದ ಕೂಡಲೇ ಒಂದಿಷ್ಟು ಪಾಲು ಉಳಿಯಿತು. ಪ್ರೊಸೆಸರಿನದ್ದನ್ನೂ ಕಿತ್ತು ಎಲ್ಲವನ್ನೂ ಕಾರ್ಡಿಗೆ ಸುರಿದೆ. ಎರಡನೆಯ ಪಟ್ಟಿ ಹುಟ್ಟಿದ್ದು ಹಾಗೆ. ಅದರಲ್ಲಿ ಕಾರ್ಡಿಗೆ 45 ಪಾಲು, ಎಎಂಡಿ ಕಂಪನಿಯ ರೇಡಿಯಾನ್ ಆರ್‌ಎಕ್ಸ್ 6700 ಎಕ್ಸ್‌ಟಿ. 12 ಜಿಬಿ ಮೆಮೊರಿ, 230 ವ್ಯಾಟ್. ಜೊತೆಗೆ ಎಎಂಡಿಯದೇ ರೈಜನ್ 3 4100 ಪ್ರೊಸೆಸರ್, ನಾಲ್ಕು ಕೋರ್, ಕೇವಲ 4 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನ ಒಳಗೇ ಇರುವ ಪುಟ್ಟ, ವೇಗದ ಮೆಮೊರಿ). ಆಟಕ್ಕೆ ಕಾರ್ಡೇ ಮುಖ್ಯ ಎಂದು ಎಲ್ಲರೂ ಹೇಳುತ್ತಾರಲ್ಲ, ಆ ಮಾತನ್ನು ಅತಿಯಾಗಿ ನಂಬಿದ್ದೆ.

ಅಕ್ಕ ಈ ಪಟ್ಟಿ ನೋಡಿ, "ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತಾರಲ್ಲ, ಇದು ಅದೇ ಜೋಡಿ" ಅಂದಳು. ಆಟದ ಒಂದು ಫ್ರೇಮ್ ತಯಾರಾಗುವಾಗ ಮೊದಲ ಕೆಲಸ ಪ್ರೊಸೆಸರಿನದು. ಯಾವ ಗಾಡಿ ಎಲ್ಲಿದೆ, ಯಾವುದಕ್ಕೆ ಯಾವುದು ತಾಗಿತು, ಎದುರಾಳಿ ಎತ್ತ ತಿರುಗಿದ ಎಂದು ಲೆಕ್ಕ ಹಾಕಿ, ಏನೇನು ಬಿಡಿಸಬೇಕು ಎಂಬ ಆದೇಶವನ್ನು ಅದು ಕಾರ್ಡಿಗೆ ಕಳಿಸುತ್ತದೆ. ಆ ಆದೇಶ ಸೆಕೆಂಡಿಗೆ 70 ಸಲ ಮಾತ್ರ ಬಂದರೆ, 140 ಸಲ ಬಿಡಿಸಬಲ್ಲ ಕಾರ್ಡ್ ಕೂಡ 70ಕ್ಕೇ ನಿಲ್ಲುತ್ತದೆ. ಇದಕ್ಕಿಂತ ಹೆಚ್ಚು ಕಾಡುವುದು ಸರಾಸರಿಯಲ್ಲಿ ಕಾಣದ ತೊಂದರೆ. ಸರಾಸರಿ 90 ಫ್ರೇಮ್ ಇದ್ದರೂ ನಡುನಡುವೆ ಒಂದು ಫ್ರೇಮ್ 50 ಮಿಲಿಸೆಕೆಂಡ್ ತೆಗೆದುಕೊಂಡರೆ ಗಾಡಿ ತಟಕ್ಕನೆ ಮುಗ್ಗರಿಸಿದ ಹಾಗೆ ಕಾಣುತ್ತದೆ. ಅದಕ್ಕೇ ಪರೀಕ್ಷಾ ಫಲಿತಾಂಶಗಳಲ್ಲಿ ಸರಾಸರಿಯ ಪಕ್ಕದಲ್ಲಿ '1% ಲೋ' ಎಂಬ ಇನ್ನೊಂದು ಸಂಖ್ಯೆ ಕೊಡುತ್ತಾರೆ. ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮುಗಳು ಹೇಗಿದ್ದವು ಎನ್ನುವುದನ್ನು ಅದು ತೋರಿಸುತ್ತದೆ. ಅಲ್ಲಿಂದಾಚೆಗೆ ಯಾವ ಭಾಗದ ಫಲಿತಾಂಶ ಓದಿದರೂ ನಾನು ಮೊದಲು ನೋಡಿದ್ದು ಆ ಸಂಖ್ಯೆಯನ್ನೇ.

ಮೂರನೆಯ ಪಟ್ಟಿಗೆ ಎರಡು ವಾರ ಹಿಡಿಯಿತು.

ಕಾರ್ಡಿನ ವಿಚಾರ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಕಡಿಮೆ ಹಣದಲ್ಲಿ ಅತಿ ಸುಲಭವಾಗಿ ದಾರಿ ತಪ್ಪುವುದು ಇಲ್ಲಿಯೇ. ನನ್ನೆದುರು ಇದ್ದವು ಮೂರು: ಆರ್‌ಎಕ್ಸ್ 6500 ಎಕ್ಸ್‌ಟಿ, ಎನ್ವಿಡಿಯಾ ಕಂಪನಿಯ ಜಿಫೋರ್ಸ್ ಆರ್‌ಟಿಎಕ್ಸ್ 3050, ಆರ್‌ಎಕ್ಸ್ 6600. ಎಲ್ಲಕ್ಕಿಂತ ಅಗ್ಗದ್ದು 6500 ಎಕ್ಸ್‌ಟಿ. ಹೆಸರಿನಲ್ಲಿ 6600ಕ್ಕೂ ಅದಕ್ಕೂ ಒಂದೇ ಮೆಟ್ಟಿಲಿನ ಅಂತರ ಇರುವಂತೆ ಕಾಣುತ್ತದೆ. ಒಳಗೆ ನೋಡಿದರೆ ಮೆಮೊರಿ 4 ಜಿಬಿ, ಆ ಮೆಮೊರಿಗೆ ಹೋಗಿಬರುವ ದಾರಿಯ ಅಗಲ, ಅಂದರೆ ಮೆಮೊರಿ ಬಸ್, 64 ಬಿಟ್. ಮದರ್‌ಬೋರ್ಡಿನ ಜೊತೆ ಮಾತಾಡಲು ಇರುವ ಪಿಸಿಐ ಎಕ್ಸ್‌ಪ್ರೆಸ್ ಲೇನುಗಳು ನಾಲ್ಕೇ ನಾಲ್ಕು. ಸ್ಲಾಟ್ ಉದ್ದವಾಗಿ ಹದಿನಾರು ಲೇನಿನದ್ದಾಗಿದ್ದರೂ ಕಾರ್ಡ್ ಬಳಸುವುದು ನಾಲ್ಕನ್ನು ಮಾತ್ರ. ಪಿಸಿಐ ಎಕ್ಸ್‌ಪ್ರೆಸ್‌ನ ಹೊಸ 4.0 ಆವೃತ್ತಿಯ ಬೋರ್ಡಿನಲ್ಲಿ ಈ ನಾಲ್ಕು ಲೇನುಗಳಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಹರಿಯುತ್ತದೆ, ಹಳೆಯ 3.0 ಬೋರ್ಡಿನಲ್ಲಿ ಅದರರ್ಧ. ಆಟಕ್ಕೆ 4 ಜಿಬಿ ಮೆಮೊರಿ ಸಾಲದೇ ಹೋದಾಗ ಕಾರ್ಡ್ ಕಂಪ್ಯೂಟರಿನ ರ‍್ಯಾಮ್‌ನಿಂದ ಕಡ ತರಬೇಕಾಗುತ್ತದೆ, ತರುವ ದಾರಿಯೇ ಇಷ್ಟು ಕಿರಿದು. ಅಂದರೆ ಹಳೆಯ ಅಗ್ಗದ ಬೋರ್ಡ್ ಕೊಳ್ಳುವವರಿಗೇ, ಅಗ್ಗದ ಕಾರ್ಡ್ ಬೇಕಾದವರಿಗೇ, ಅದು ಅತಿ ಹೆಚ್ಚು ಪೆಟ್ಟು ಕೊಡುತ್ತದೆ. ಆಟ ರೆಕಾರ್ಡ್ ಮಾಡಲು ಬೇಕಾದ ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಇದನ್ನು ಓದಿದ ಮೇಲೆ ಆ ಸಾಲಿಗೆ ಗೆರೆ ಎಳೆಯುವುದು ಕಷ್ಟವಾಗಲಿಲ್ಲ.

ಆರ್‌ಟಿಎಕ್ಸ್ 3050 ಮತ್ತು ಆರ್‌ಎಕ್ಸ್ 6600 ನಡುವೆ ಹೆಚ್ಚು ಒದ್ದಾಡಿದೆ. ಎರಡರಲ್ಲೂ 8 ಜಿಬಿ, ಎರಡೂ 128 ಬಿಟ್, ವಿದ್ಯುತ್ತೂ 130 ವ್ಯಾಟ್ ಆಸುಪಾಸು. ಎನ್ವಿಡಿಯಾ ಕಾರ್ಡಿನಲ್ಲಿ ಡಿಎಲ್‌ಎಸ್‌ಎಸ್ ಇದೆ, ಕಡಿಮೆ ಪಿಕ್ಸೆಲ್‌ನಲ್ಲಿ ಬಿಡಿಸಿದ ಚಿತ್ರವನ್ನು ಚೆನ್ನಾಗಿ ಹಿಗ್ಗಿಸುವ ತಂತ್ರ. ಎಎಂಡಿಯ ಎಫ್‌ಎಸ್‌ಆರ್ ಅದೇ ಕೆಲಸ ಮಾಡುತ್ತದೆ, ಚಿತ್ರದ ಸ್ಪಷ್ಟತೆಯಲ್ಲಿ ಡಿಎಲ್‌ಎಸ್‌ಎಸ್‌ನದೇ ಮೇಲುಗೈ. ಬೆಳಕು, ನೆರಳು, ಪ್ರತಿಬಿಂಬಗಳನ್ನು ಲೆಕ್ಕ ಹಾಕಿ ಬಿಡಿಸುವ ರೇ ಟ್ರೇಸಿಂಗ್‌ನಲ್ಲೂ ಎನ್ವಿಡಿಯಾ ಮುಂದು. ಆದರೆ ಈ ದರ್ಜೆಯ ಕಾರ್ಡುಗಳಲ್ಲಿ ರೇ ಟ್ರೇಸಿಂಗ್ ಹಚ್ಚಿ ಆರಾಮವಾಗಿ ಆಡುವ ಶಕ್ತಿ ಎರಡಕ್ಕೂ ಇಲ್ಲ. ಅದನ್ನು ಬದಿಗಿಟ್ಟು ಮಾಮೂಲಿ 1080ಪಿಯಲ್ಲಿ ನೋಡಿದರೆ 6600 ಸ್ಪಷ್ಟವಾಗಿ ಮುಂದಿತ್ತು. ನಾನು ವಿಡಿಯೊ ಎಡಿಟಿಂಗ್ ಅಥವಾ ತ್ರೀಡಿ ರೆಂಡರಿಂಗ್ ಮಾಡುವವನಾಗಿದ್ದರೆ ಎನ್ವಿಡಿಯಾ ಕಡೆಗೇ ಹೋಗುತ್ತಿದ್ದೆ. ಮಾಡುವುದು ಆಟ ಒಂದೇ, ಹಾಗಾಗಿ 6600 ಉಳಿಯಿತು. 34 ಪಾಲು.

ಸೆಕೆಂಡ್ ಹ್ಯಾಂಡ್ ಕಾರ್ಡಿನ ಆಸೆಯೂ ಬಂದಿತ್ತು. 2022ರ ಸೆಪ್ಟೆಂಬರ್‌ನಲ್ಲಿ ಈಥೀರಿಯಮ್ ಎಂಬ ಕ್ರಿಪ್ಟೊ ನಾಣ್ಯದ ಜಾಲ ತನ್ನ ವ್ಯವಸ್ಥೆ ಬದಲಿಸಿ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ (ಕಾರ್ಡನ್ನು ಎಡೆಬಿಡದೆ ಓಡಿಸಿ ನಾಣ್ಯ ಗಳಿಸುವುದು) ನಿಲ್ಲಿಸಿದ ಮೇಲೆ ಬಳಸಿದ ಕಾರ್ಡುಗಳು ರಾಶಿರಾಶಿ ಮಾರಾಟಕ್ಕೆ ಬಂದಿದ್ದವು. ಮೈನಿಂಗ್ ಮಾಡಿದ ಕಾರ್ಡ್ ಅಂದಮಾತ್ರಕ್ಕೆ ಕೆಟ್ಟದ್ದೇನಲ್ಲ, ಅದರ ಫ್ಯಾನ್ ಸವೆದಿರಬಹುದು, ಥರ್ಮಲ್ ಪ್ಯಾಡ್ ಒಣಗಿರಬಹುದು, ಅವನ್ನು ಬದಲಿಸಬಹುದು. ಆದರೆ ಪರೀಕ್ಷಿಸಿ ನೋಡಲು ಬೇರೆ ಕಂಪ್ಯೂಟರ್ ನನ್ನ ಬಳಿ ಇರಲಿಲ್ಲ. ಮೊದಲ ಸಲ ಜೋಡಿಸುವಾಗ ಪರದೆ ಹತ್ತದೇ ಹೋದರೆ ತಪ್ಪು ಕಾರ್ಡಿನದೋ ನನ್ನ ಕೈಯದೋ ಎಂದು ತಿಳಿಯುವ ಬಗೆಯೇ ಇರುವುದಿಲ್ಲ. ಆ ಒಂದು ಕಾರಣಕ್ಕೆ ಹೊಸದನ್ನೇ ಆರಿಸಿದೆ. ಎರಡನೆಯ ಸಲ ಜೋಡಿಸುವಾಗ ಈ ಭಯ ಇರಲಾರದು.

ಕಾರ್ಡ್ ನಿಂತ ಮೇಲೆ ಪ್ರೊಸೆಸರ್ ತಾನಾಗಿಯೇ ಹತ್ತಿರ ಬಂತು. ರೈಜನ್ 5 ಸಾಲಿನಲ್ಲಿ 5500, 5600ಜಿ, 5600 ಎಂಬ ಮೂರು ಹೆಸರು. ಮೂರೂ ಆರು ಕೋರ್, ಹನ್ನೆರಡು ಥ್ರೆಡ್. ಮೇಲ್ನೋಟಕ್ಕೆ ಒಂದೇ ಕುಟುಂಬ. ಎಲ್3 ಕ್ಯಾಶ್ ನೋಡಿದರೆ ಬೇರೆಬೇರೆ ಎಂದು ಗೊತ್ತಾಗುತ್ತದೆ. 5500 ಮತ್ತು 5600ಜಿಗಳಲ್ಲಿ 16 ಎಂಬಿ, 5600ರಲ್ಲಿ 32 ಎಂಬಿ. ಆಟಗಳು ಸಣ್ಣಸಣ್ಣ ಮಾಹಿತಿಗಾಗಿ ಮತ್ತೆ ಮತ್ತೆ ಮೆಮೊರಿಗೆ ಕೈ ಚಾಚುತ್ತವೆ, ಅದು ಪ್ರೊಸೆಸರಿನ ಒಳಗೇ ಸಿಕ್ಕಿದರೆ ರ‍್ಯಾಮ್‌ವರೆಗೆ ಹೋಗಿ ಬರುವ ಕಾಯುವಿಕೆ ತಪ್ಪುತ್ತದೆ. ಜೊತೆಗೆ 5600ರಲ್ಲಿ ಪಿಸಿಐ ಎಕ್ಸ್‌ಪ್ರೆಸ್ 4.0 ಇದೆ, ಉಳಿದೆರಡರಲ್ಲಿ 3.0. 5600ಜಿಯಲ್ಲಿ ಒಳಗೇ ಗ್ರಾಫಿಕ್ಸ್ ಇರುವುದು ದೊಡ್ಡ ಅನುಕೂಲ, ಕಾರ್ಡಿಗೆ ಈಗಲೇ ಹಣವಿಲ್ಲ, ಆರು ತಿಂಗಳು ಹಾಗೇ ನಡೆಸಬೇಕು ಎನ್ನುವವರಿಗೆ ಅದೇ ಸರಿ. ನನಗೆ ಕಾರ್ಡ್ ಮೊದಲ ದಿನದಿಂದಲೇ ಇರುತ್ತಿತ್ತು.

ಇಂಟೆಲ್ ಕಡೆ ಐ5-12400ಎಫ್ ಇತ್ತು. ಅದೂ ಆರು ಕೋರ್, ಹನ್ನೆರಡು ಥ್ರೆಡ್. ಆಟದಲ್ಲಿ 5600ಕ್ಕೂ ಅದಕ್ಕೂ ನನ್ನ ಕಣ್ಣಿಗೆ ಕಾಣುವಂಥ ವ್ಯತ್ಯಾಸ ಇರಲಿಲ್ಲ, ಯಾವುದನ್ನು ತಂದಿದ್ದರೂ ಸಂತೋಷವಾಗಿಯೇ ಇರುತ್ತಿದ್ದೆ. ಹೆಸರಿನ ಕೊನೆಯ ಎಫ್ ಎಂದರೆ ಒಳಗ್ರಾಫಿಕ್ಸ್ ಇಲ್ಲ ಎಂದರ್ಥ. ತೀರ್ಮಾನ ಮಾಡಿದ್ದು ಮದರ್‌ಬೋರ್ಡ್. ನನಗೆ ಸಿಗುತ್ತಿದ್ದ ಬೋರ್ಡುಗಳಲ್ಲಿ ಎಎಂಡಿಯ ಎಎಂ4 (ಪ್ರೊಸೆಸರ್ ಕೂರುವ ಸಾಕೆಟ್ಟಿನ ಹೆಸರು) ಬೋರ್ಡಿಗೆ ಅದೇ ಸವಲತ್ತಿಗೆ ಕಡಿಮೆ ಪಾಲು ಸಾಕಾಗುತ್ತಿತ್ತು. ಎಎಂ5 ಆಗಲೇ ಬಂದು ಆಗಿತ್ತು, 2022ರಲ್ಲೇ. ಮುಂದೆ ಹೆಚ್ಚು ಕಾಲ ಹೊಸ ಪ್ರೊಸೆಸರ್ ಹಾಕಿಕೊಳ್ಳಬಹುದಾದ ಸಾಕೆಟ್ ಅದು. ಆದರೆ ಅದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹೊಂದುತ್ತದೆ. ಬೋರ್ಡ್, ರ‍್ಯಾಮ್, ಪ್ರೊಸೆಸರ್ ಮೂರೂ ಸೇರಿ ಹೆಚ್ಚುವ ಪಾಲನ್ನು ಕಾರ್ಡಿನಿಂದಲೇ ಕೀಳಬೇಕಾಗಿತ್ತು. ನಾಳೆಯ ಪ್ರೊಸೆಸರಿಗಾಗಿ ಇವತ್ತಿನ ಕಾರ್ಡ್ ಇಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಎಎಂ4 ಹಳೆಯದೇ ಆದರೂ ಅದೇ ಸಾಕೆಟ್‌ಗೆ 96 ಎಂಬಿ ಕ್ಯಾಶ್‌ನ 5800ಎಕ್ಸ್3ಡಿ ಹೊಂದುತ್ತದೆ, ಮೇಲೇರಲು ಒಂದು ಮೆಟ್ಟಿಲು ಇದ್ದೇ ಇದೆ.

ಬೋರ್ಡಿನಲ್ಲಿ ಬಿ450 ಮತ್ತು ಬಿ550 ಎಂಬ ಎರಡು ಬಗೆಗಳ ನಡುವೆ ಬಿ550 ಆರಿಸಿದ್ದಕ್ಕೆ ಪಿಸಿಐ ಎಕ್ಸ್‌ಪ್ರೆಸ್ 4.0 ಒಂದು ಕಾರಣ. ಇನ್ನೊಂದು ಕಾರಣ ಬಯಾಸ್, ಅಂದರೆ ಕಂಪ್ಯೂಟರ್ ಹತ್ತುವಾಗ ಎಲ್ಲಕ್ಕಿಂತ ಮೊದಲು ಓಡುವ, ಬೋರ್ಡಿನಲ್ಲೇ ಇರುವ ತಂತ್ರಾಂಶ. ಬಿ450 ಬೋರ್ಡ್ ತಯಾರಾದ ಕಾಲಕ್ಕೆ 5600 ಹುಟ್ಟಿರಲಿಲ್ಲ. ಬಯಾಸ್ ಅಪ್‌ಡೇಟ್ ಆಗದ ಹಳೆಯ ಸ್ಟಾಕ್ ಕೈಗೆ ಬಂದರೆ ಬೋರ್ಡಿಗೆ ಈ ಪ್ರೊಸೆಸರಿನ ಗುರುತೇ ಹತ್ತುವುದಿಲ್ಲ. ಅಪ್‌ಡೇಟ್ ಮಾಡಲು ಅದು ಗುರುತಿಸುವ ಇನ್ನೊಂದು ಪ್ರೊಸೆಸರ್ ಬೇಕು, ಮೊದಲ ಸಲ ಜೋಡಿಸುವವರ ಬಳಿ ಅದು ಎಲ್ಲಿರುತ್ತದೆ? ಕೆಲವು ಬೋರ್ಡುಗಳಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಎಂಬ ಗುಂಡಿ ಇರುತ್ತದೆ, ಪ್ರೊಸೆಸರ್ ಇಲ್ಲದೆಯೇ ಪೆನ್‌ಡ್ರೈವ್ ಚುಚ್ಚಿ ಅಪ್‌ಡೇಟ್ ಮಾಡಬಹುದು. ನಾನು ಆರಿಸಿದ ಮೈಕ್ರೋ-ಎಟಿಎಕ್ಸ್ ಅಳತೆಯ ಬೋರ್ಡಿನಲ್ಲಿ ಆ ಗುಂಡಿಯೂ ಇತ್ತು, ರ‍್ಯಾಮ್‌ಗೆ ನಾಲ್ಕು ಸ್ಲಾಟೂ ಇದ್ದವು. ವೈಫೈ ಇರಲಿಲ್ಲ. ರೂಟರ್ ಮೇಜಿನ ಪಕ್ಕದಲ್ಲೇ ಇರುವುದರಿಂದ ಕೇಬಲ್ ಎಳೆದುಕೊಂಡೆ.

ರ‍್ಯಾಮ್ ಬೇಗ ಮುಗಿಯಿತು. 8 ಜಿಬಿಯ ಎರಡು ಕಡ್ಡಿಗಳ ಕಿಟ್, ಡಿಡಿಆರ್4 3200, ಸಿಎಲ್16 (ಕೇಳಿದ ಮಾಹಿತಿ ಬರುವವರೆಗೆ ಎಷ್ಟು ಗಡಿಯಾರ ಸುತ್ತು ಕಾಯಬೇಕು ಎನ್ನುವ ಲೆಕ್ಕ ಸಿಎಲ್). ಒಂದೇ 16 ಜಿಬಿ ಕಡ್ಡಿ ಹಾಕಿದರೆ ಒಂದೇ ಚಾನೆಲ್ ನಡೆಯುತ್ತದೆ, ಎರಡು ಹಾಕಿದರೆ ಹರಿವು ದುಪ್ಪಟ್ಟು. 3600 ಎಂದು ಬರೆದ ಇನ್ನೊಂದು ಕಿಟ್ ಕಣ್ಣು ಕುಕ್ಕುತ್ತಿತ್ತು, ಆದರೆ ಅದರ ಸಿಎಲ್ 18. ಲೆಕ್ಕ ಹಾಕಿದರೆ ಎರಡರ ಕಾಯುವ ಹೊತ್ತೂ 10 ನ್ಯಾನೊಸೆಕೆಂಡೇ.

ಇನ್ನು ಎಸ್‌ಎಂಪಿಎಸ್, 'ಯಾವುದಾದರೂ' ಎಂದು ಬರೆದಿದ್ದ ಸಾಲು.

ನನ್ನ ಎರಡನೆಯ ಪಟ್ಟಿಯಲ್ಲೂ ಇಲ್ಲಿ ಒಂದು ಅಗ್ಗದ ಘಟಕವೇ ಇತ್ತು. ಡಬ್ಬದ ಮೇಲೆ ದೊಡ್ಡದಾಗಿ 500 ವ್ಯಾಟ್. ಅಕ್ಕ ಅದರ ಫೋಟೊ ದೊಡ್ಡದು ಮಾಡಿ ಪಕ್ಕದ ಸ್ಟಿಕರ್ ಓದಲು ಹೇಳಿದಳು. ಸ್ಟಿಕರಿನಲ್ಲಿ ಚೌಕ ಚೌಕವಾಗಿ +3.3 ವೋಲ್ಟ್, +5 ವೋಲ್ಟ್, +12 ವೋಲ್ಟ್ ಎಂದು ಬರೆದು ಪ್ರತಿಯೊಂದರ ಕೆಳಗೂ ಆಂಪಿಯರ್ ಕೊಟ್ಟಿರುತ್ತಾರೆ. 12 ವೋಲ್ಟಿನ ಚೌಕದಲ್ಲಿ 25 ಆಂಪಿಯರ್ ಎಂದಿತ್ತು.

"ಗುಣಿಸು."

"ಹನ್ನೆರಡು ಇಪ್ಪತ್ತೈದ್ಲ... ಮುನ್ನೂರು."

"ಪ್ರೊಸೆಸರ್‌ಗೂ ಕಾರ್ಡ್‌ಗೂ ಬೇಕಾಗೋದು ಆ 12 ವೋಲ್ಟೇ. ನಿನಗೆ ಅದು ಕೊಡೋದು ಮುನ್ನೂರು. ಮಿಕ್ಕಿದ್ದು ನೀನು ಬಳಸದೇ ಇರೋ ಕಡೆ ಕೂತಿದೆ."

ಅದಾದ ಮೇಲೆ ನೋಡಿದ ಪ್ರತಿಯೊಂದು ಎಸ್‌ಎಂಪಿಎಸ್‌ನಲ್ಲೂ ಮೊದಲು ಆ ಚೌಕ ಹುಡುಕಿದೆ. ಕೊನೆಗೆ ಆರಿಸಿದ 550 ವ್ಯಾಟಿನದರಲ್ಲಿ 12 ವೋಲ್ಟಿಗೆ 45 ಆಂಪಿಯರ್ ಇತ್ತು, ಅಂದರೆ 540 ವ್ಯಾಟ್. ಬರೆದಷ್ಟೂ ಬಳಸಲು ಸಿಗುವಂಥದ್ದು. 80 ಪ್ಲಸ್ ಬ್ರಾಂಜ್ ಮುದ್ರೆಯೂ ಇತ್ತು. ಈ ಮುದ್ರೆಯನ್ನು ಗುಣಮಟ್ಟದ ಗುರುತೆಂದು ನಾನು ತಿಳಿದಿದ್ದೆ. ಅದು ಹೇಳುವುದು ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಪಾಲು ಬಿಸಿಯಾಗಿ ಪೋಲಾಗದೆ ಒಳಗೆ ತಲುಪುತ್ತದೆ ಎನ್ನುವುದನ್ನು. ಶಾರ್ಟ್ ಆದಾಗ, ವೋಲ್ಟೇಜ್ ಏರಿದಾಗ, ಹೊರೆ ಮಿತಿ ಮೀರಿದಾಗ ತಾನೇ ಆರಿಹೋಗುವ ರಕ್ಷಣೆಗಳು ಇವೆಯೇ ಎಂದು ಬೇರೆಯಾಗಿ ನೋಡಬೇಕು. ಎಷ್ಟು ವರ್ಷದ ವಾರಂಟಿ ಎನ್ನುವುದನ್ನೂ ನೋಡಿದೆ, ನನ್ನದಕ್ಕೆ ಐದು ವರ್ಷ ಇದೆ.

550 ಹೆಚ್ಚಾಯಿತೇ ಎಂದು ನನಗೇ ಅನುಮಾನ ಬಂದು ಕೂಡಿ ನೋಡಿದೆ. ಪ್ರೊಸೆಸರಿನ ಮೇಲೆ 65 ವ್ಯಾಟ್ ಎಂದಿದ್ದರೂ ಪೂರ್ತಿ ಹೊರೆಯಲ್ಲಿ 76ರವರೆಗೆ ಎಳೆಯಬಹುದು. ಕಾರ್ಡ್ 132. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಕ್ಕೂ ಸೇರಿ 50 ಎಂದು ಇಟ್ಟುಕೊಂಡೆ. ಒಟ್ಟು 258. ಅರ್ಧ ಹೊರೆಯಲ್ಲಿ ಓಡುವ ಎಸ್‌ಎಂಪಿಎಸ್ ತಣ್ಣಗೆ, ಸದ್ದಿಲ್ಲದೆ ಇರುತ್ತದೆ. ಕಾರ್ಡುಗಳು ಕ್ಷಣಕಾಲಕ್ಕೆ ತಮ್ಮ ಲೆಕ್ಕಕ್ಕಿಂತ ಬಹಳ ಮೇಲೆ ಜಿಗಿದು ಎಳೆಯುತ್ತವೆ, ಆ ಜಿಗಿತಕ್ಕೂ ಜಾಗ ಬೇಕು. ಎಂದಾದರೂ 200 ವ್ಯಾಟಿನ ಕಾರ್ಡ್ ತಂದರೂ ಇದೇ ಸಾಕು. ಮದರ್‌ಬೋರ್ಡ್, ಪ್ರೊಸೆಸರ್ ಎಲ್ಲ ಬದಲಾದರೂ ಕ್ಯಾಬಿನೆಟ್ಟಿನಲ್ಲಿ ಉಳಿಯುವ ಭಾಗ ಇದು. ಎಂಟು ಪಾಲು ಕೊಟ್ಟೆ, ಮನಸ್ಸು ನಿರಾಳವಾಯಿತು.

ಎಸ್‌ಎಸ್‌ಡಿ 1 ಟಿಬಿಯ ಎನ್‌ವಿಎಂಇ. ಕೇಬಲ್ ಎಳೆದು ಜೋಡಿಸುವ ಹಳೆಯ ಬಗೆಯ ಸಾಟಾ ಎಸ್‌ಎಸ್‌ಡಿಗಿಂತ ಓದುವ ವೇಗ ಆರೇಳು ಪಟ್ಟು ಎಂದು ಬರೆದಿರುತ್ತಾರೆ, ಆಟ ತೆರೆದುಕೊಳ್ಳುವ ಹೊತ್ತಿನಲ್ಲಿ ಅಷ್ಟೇನೂ ಅಂತರ ಕಾಣುವುದಿಲ್ಲ. ಬೆಲೆಯಲ್ಲಿ ಅಂತರ ಅತ್ಯಲ್ಪವಾಗಿದ್ದರಿಂದ, ಕೇಬಲ್ ಇಲ್ಲದೆ ಬೋರ್ಡಿಗೇ ಸ್ಕ್ರೂ ಮಾಡಬಹುದು ಎಂಬುದರಿಂದ ಅದನ್ನೇ ತಂದೆ.

ಕ್ಯಾಬಿನೆಟ್ ಆರಿಸುವಾಗ ಬಣ್ಣಬಣ್ಣದ ದೀಪ, ಮೂರು ಕಡೆ ಗಾಜು ಇರುವ ಒಂದು ಬಹಳ ಇಷ್ಟವಾಗಿತ್ತು. ಅದರ ಬೆಲೆಗೂ ಪ್ರೊಸೆಸರಿನ ಬೆಲೆಗೂ ಹೆಚ್ಚು ದೂರ ಇರಲಿಲ್ಲ. ಮೂಗಿಗಿಂತ ಮೂಗುತಿ ಭಾರ ಆಗುತ್ತಿತ್ತು. ಅದಕ್ಕಿಂತ ಮುಖ್ಯವಾಗಿ ಅದರ ಮುಂಭಾಗ ಪೂರ್ತಿ ಗಾಜು, ಫ್ಯಾನಿಗೆ ಗಾಳಿ ಬರುವುದು ಅಂಚಿನ ಸಣ್ಣ ಸಂದಿಯಿಂದ. ಮುಂಭಾಗ ಜಾಲರಿ ಇರುವ, ಎರಡು 120 ಎಂಎಂ ಫ್ಯಾನ್ ಸೇರಿಸಿ ಕೊಡುವ ಸರಳ ಪೆಟ್ಟಿಗೆ ಐದು ಪಾಲಿಗೆ ಸಿಕ್ಕಿತು. ಕಾರ್ಡಿನ ಉದ್ದ, ಕೂಲರಿನ ಎತ್ತರ ಎರಡೂ ಒಳಗೆ ಹಿಡಿಸುತ್ತವೆಯೇ ಎಂದು ಅಳತೆ ತಾಳೆ ನೋಡಿಯೇ ತರಿಸಿದೆ.

ಎಲ್ಲ ಡಬ್ಬಗಳೂ ಬಂದ ಶನಿವಾರ ಮೇಜಿನ ಮೇಲೆ ಮದರ್‌ಬೋರ್ಡಿನ ಡಬ್ಬವನ್ನೇ ಬೋರ್ಡಿಗೆ ಹಾಸಿಗೆ ಮಾಡಿ ಕೂತೆ. ಅಕ್ಕ ಪಕ್ಕದಲ್ಲಿದ್ದಳು, ಕೈ ಹಾಕುವುದಿಲ್ಲ ಎಂದು ಮೊದಲೇ ಹೇಳಿದ್ದಳು. ಎಎಂ4 ಪ್ರೊಸೆಸರಿನ ಹೊಟ್ಟೆಯ ಕೆಳಗೆ 1331 ಪಿನ್ನುಗಳಿವೆ, ಕೂದಲೆಳೆಯಂಥ ಚಿನ್ನದ ಬಣ್ಣದ ಕಡ್ಡಿಗಳು. ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನ. ಸಾಕೆಟ್ಟಿನ ಮೂಲೆಯಲ್ಲೂ ಅಂಥದ್ದೇ ತ್ರಿಕೋನ. ಲಿವರ್ ಎತ್ತಿ, ಎರಡೂ ತ್ರಿಕೋನ ಸೇರಿಸಿ, ಅಂಚು ಹಿಡಿದು ಇಳಿಬಿಟ್ಟರೆ ಪ್ರೊಸೆಸರ್ ತನ್ನ ಭಾರಕ್ಕೇ ಒಳಗೆ ಕೂತುಬಿಟ್ಟಿತು. ಒತ್ತುವ ಅಗತ್ಯವೇ ಬೀಳಲಿಲ್ಲ, ಒತ್ತಲೂಬಾರದು.

ತಬ್ಬಿಬ್ಬಾದದ್ದು ಕೂಲರ್ ಹಾಕುವಾಗ. 5600ರ ಡಬ್ಬದಲ್ಲೇ ಬರುವ ರೈತ್ ಸ್ಟೆಲ್ತ್ ಕೂಲರಿಗೆ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳಿವೆ. ಬೋರ್ಡಿನ ಮೇಲೆ ಮಾತ್ರ ಕೊಕ್ಕೆ ಸಿಕ್ಕಿಸುವ ಎರಡು ಪ್ಲಾಸ್ಟಿಕ್ ಪಟ್ಟಿಗಳು ಕೂತಿದ್ದವು. ಅವನ್ನು ಬಿಚ್ಚಿದ ಕೂಡಲೇ ಬೋರ್ಡಿನ ಹಿಂದೆ ಟಕ್ ಎಂದು ಏನೋ ಬಿತ್ತು. ಎತ್ತಿ ನೋಡಿದರೆ ಹಿಂದಿನ ಲೋಹದ ಪ್ಲೇಟು, ಅದನ್ನು ಹಿಡಿದಿದ್ದದ್ದೂ ಅದೇ ಸ್ಕ್ರೂಗಳು. ಪ್ಲೇಟನ್ನು ಹಿಂದಿನಿಂದ ಎಡಗೈಯಲ್ಲಿ ಒತ್ತಿ ಹಿಡಿದು, ಮುಂದಿನಿಂದ ಕೂಲರ್ ಇಟ್ಟು, ಎದುರುಬದುರು ಮೂಲೆಗಳ ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಬಿಗಿಯುತ್ತಾ ಹೋದೆ. ಕೂಲರಿನ ಅಡಿಯಲ್ಲಿ ಥರ್ಮಲ್ ಪೇಸ್ಟ್ ಮೊದಲೇ ಬಳಿದಿರುತ್ತಾರೆ, ಒಮ್ಮೆ ಇಟ್ಟು ಮತ್ತೆ ಎತ್ತಿದರೆ ಅದು ಕೆಡುತ್ತದೆ. ಆ ಐದು ನಿಮಿಷ ಉಸಿರು ಬಿಗಿಹಿಡಿದೇ ಇದ್ದೆ.

ಉಳಿದದ್ದು ಸರಾಗ. ಕ್ಯಾಬಿನೆಟ್ಟಿನಲ್ಲಿ ಬೋರ್ಡ್ ಕೂರುವ ಹಿತ್ತಾಳೆ ಗೂಟಗಳು ಬೋರ್ಡಿನ ತೂತುಗಳ ನೇರಕ್ಕೇ ಇವೆಯೇ ಎಂದು ಎಣಿಸಿ, ಹಿಂಬದಿಯ ಕಿಂಡಿಗಳ ಸುತ್ತ ಕೂರುವ ಐ/ಒ ಶೀಲ್ಡ್ ಎಂಬ ತಗಡನ್ನು ಮೊದಲೇ ಸಿಕ್ಕಿಸಿ, ಆಮೇಲೆ ಬೋರ್ಡ್ ಇಳಿಸಿದೆ. ಕತ್ತಲಾಗುವ ಹೊತ್ತಿಗೆ ಸ್ವಿಚ್ ಒತ್ತಿದೆ. ಫ್ಯಾನುಗಳು ತಿರುಗಿದವು. ಪರದೆ ಕಪ್ಪು.

ಎದೆ ಧಸಕ್ಕೆಂದಿತು. ಅಕ್ಕ ಬೋರ್ಡಿನ ಮೂಲೆ ತೋರಿಸಿದಳು. ಅಲ್ಲಿ ಸಾಲಾಗಿ ನಾಲ್ಕು ಪುಟ್ಟ ದೀಪಗಳು: ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್. ಎರಡನೆಯದು ಹತ್ತಿಕೊಂಡೇ ಇತ್ತು. ಕರೆಂಟ್ ತೆಗೆದು ರ‍್ಯಾಮ್ ಕಡ್ಡಿಗಳನ್ನು ನೋಡಿದೆ. ಪ್ರೊಸೆಸರ್ ಕಡೆಯಿಂದ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲೇ ಹಾಕಿದ್ದೆ, ಜಾಗ ಸರಿಯಾಗಿತ್ತು. ಆದರೆ ನಾಲ್ಕನೆಯದರ ಒಂದು ತುದಿ ಉಗುರಿನಷ್ಟು ಮೇಲಿತ್ತು. ಹೆಬ್ಬೆರಳಿಟ್ಟು ಒತ್ತಿದಾಗ 'ಟಿಕ್' ಎಂಬ ಸದ್ದು ಬಂತು, ಮೊದಲ ಸಲ ಹಾಕುವಾಗ ಆ ತುದಿಯಿಂದ ಈ ಸದ್ದು ಬಂದಿರಲಿಲ್ಲ. ಮತ್ತೆ ಸ್ವಿಚ್ ಒತ್ತಿದೆ. ಎರಡು ಸಲ ತಾನೇ ಆರಿ ಹತ್ತಿ, ನಾಲ್ಕೂ ದೀಪ ಆರಿದವು. ಪರದೆ ಇನ್ನೂ ಕಪ್ಪು. ಈ ಸಲ ಕಾರಣ ನನಗೇ ಹೊಳೆಯಿತು. ಮಾನಿಟರಿನ ಕೇಬಲ್ಲನ್ನು ಬೋರ್ಡಿನ ಎಚ್‌ಡಿಎಂಐ ಕಿಂಡಿಗೆ ಚುಚ್ಚಿದ್ದೆ. ಒಳಗ್ರಾಫಿಕ್ಸ್ ಇಲ್ಲದ ಪ್ರೊಸೆಸರಿಗೆ ಆ ಕಿಂಡಿಯಿಂದ ಏನೂ ಬರುವುದಿಲ್ಲ. ಡಿಸ್‌ಪ್ಲೇಪೋರ್ಟ್ ಕೇಬಲ್ ತೆಗೆದುಕೊಂಡು ಕಾರ್ಡಿಗೆ ಚುಚ್ಚಿದೆ, ಬಯಾಸ್ ಪುಟ ತೆರೆದುಕೊಂಡಿತು. ಅಕ್ಕ ನನ್ನ ಬೆನ್ನು ತಟ್ಟಿದಳು.

ಆ ಪುಟದಲ್ಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ರ‍್ಯಾಮ್ ವೇಗ 2133 ಎಂದು ತೋರಿಸುತ್ತಿತ್ತು. ನಾನು ಹಣ ಕೊಟ್ಟಿದ್ದು 3200ಕ್ಕೆ. ಡಿಡಿಆರ್4 ಕಡ್ಡಿಗಳು ಮೊದಲು ಎದ್ದೇಳುವುದು ಸುರಕ್ಷಿತವಾದ ಕಡಿಮೆ ವೇಗದಲ್ಲಿ, ಡಬ್ಬದ ಮೇಲಿನ ವೇಗ ಬೇಕಾದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಪ್ರೊಫೈಲ್ ಆರಿಸಬೇಕು. ಆರಿಸಿ, ಉಳಿಸಿ, ಮರಳಿ ಹತ್ತಿದಾಗ 3200 ಬಂತು. ಇದನ್ನು ಬದಲಿಸದೇ ವರ್ಷಗಟ್ಟಲೆ ಆಡುವವರು ಇದ್ದಾರೆ, ದಯವಿಟ್ಟು ಒಮ್ಮೆ ನೋಡಿಕೊಳ್ಳಿ. ವಿಂಡೋಸ್ ಹಾಕಿದ ಮೇಲೆ ಮಾನಿಟರ್ ಕೂಡ 60 ಹರ್ಟ್ಜ್‌ನಲ್ಲೇ ನಿಂತಿತ್ತು, ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ 144 ಮಾಡಿದೆ. ಮೌಸಿನ ಬಾಣ ಪರದೆಯ ಈ ತುದಿಯಿಂದ ಆ ತುದಿಗೆ ಹೋಗುವಾಗಲೇ ವ್ಯತ್ಯಾಸ ಕಂಡಿತು.

ಆ ರಾತ್ರಿ ಆಟ ಹಚ್ಚಲಿಲ್ಲ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಎಂಬ ಮೆಮೊರಿ ಪರೀಕ್ಷೆ ಓಡಲು ಬಿಟ್ಟು ಮಲಗಿದೆ. ಬೆಳಿಗ್ಗೆ ಎದ್ದಾಗ ನಾಲ್ಕು ಸುತ್ತು ಮುಗಿದು ತಪ್ಪುಗಳ ಸಂಖ್ಯೆ 0 ಇತ್ತು. ಆಮೇಲೆ ಎರಡು ಗಂಟೆ ರೇಸಿಂಗ್ ಆಡಿದೆ, ಹಳೆಯ ಲ್ಯಾಪ್‌ಟಾಪ್‌ನಲ್ಲಿ ಯಾವಾಗಲೂ ಮುಗ್ಗರಿಸುತ್ತಿದ್ದ ಮಳೆಯ ಟ್ರ್ಯಾಕನ್ನೇ ಆರಿಸಿಕೊಂಡು. ಇಪ್ಪತ್ತು ಗಾಡಿಗಳು ಒಟ್ಟಿಗೆ ಮೊದಲ ತಿರುವಿಗೆ ನುಗ್ಗಿದಾಗಲೂ ನೀರಿನ ಹನಿಗಳ ನಡುವೆ ಮುಂದಿನ ಗಾಡಿಯ ಕೆಂಪು ದೀಪ ಒಂದೇ ಸಮನೆ ಹಿಂದೆ ಸರಿಯುತ್ತಾ ಬಂತು.

ರ‍್ಯಾಮ್‌ಗೆ ಎರಡು ಸ್ಲಾಟ್ ಖಾಲಿ ಇವೆ. ಎನ್‌ವಿಎಂಇ ಎಸ್‌ಎಸ್‌ಡಿ ಕೂರುವ ಎರಡನೆಯ ಎಂ.2 ಕಿಂಡಿಯೂ ಖಾಲಿ. 1 ಟಿಬಿ ಇಷ್ಟು ಬೇಗ ತುಂಬುತ್ತಾ ಬಂದಿರುವುದರಿಂದ ಮೊದಲು ಭರ್ತಿಯಾಗುವುದು ಅದೇ. ಅಲ್ಲಿ ಎಸ್‌ಎಸ್‌ಡಿ ಹಾಕಿದರೆ ಯಾವ ಸಾಟಾ ಪೋರ್ಟುಗಳು ಬಂದ್ ಆಗುತ್ತವೆ ಎಂದು ಬೋರ್ಡಿನ ಕೈಪಿಡಿಯಲ್ಲಿ ಕೊಟ್ಟಿದ್ದಾರೆ, ಆ ಪುಟಕ್ಕೆ ಗುರುತು ಇಟ್ಟುಕೊಂಡಿದ್ದೇನೆ.